ಬೆಳಿಗ್ಗೆ ಹಿಮ, ಸಂಜೆ ಸಂಗೀತ: ಆಸ್ಟ್ರಿಯಾಕ್ಕೆ ಹೊರಟವರ ಪ್ರಶ್ನೆಗಳು

ಯುರೋಪಿನಲ್ಲಿ ರಜೆ ಕಳೆಯುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಆಸ್ಟ್ರಿಯಾದ ಹೆಸರು ಮತ್ತೆ ಮತ್ತೆ ಕಾಣಿಸಿತು. ಹಾಗಾಗಿ ಈ ಸಲ ಅದೊಂದೇ ದೇಶ. ಬೆಟ್ಟ, ಪಟ್ಟಣ ಎರಡನ್ನೂ ಒಂದೇ ರಜೆಯಲ್ಲಿ ನೆಮ್ಮದಿಯಾಗಿ ನೋಡಬಹುದಾದ ದೇಶ ಇದು, ಆದರೆ ಅವಸರ ಮಾಡಿದರೆ ಎರಡೂ ದಕ್ಕುವುದಿಲ್ಲ. ನನ್ನ ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಇದೇ ಮಾತಿಗೆ ಬರುತ್ತವೆ.

ಪ್ರಶ್ನೆ: ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು. ಡಿಸೆಂಬರ್ ಕೊನೆಯಲ್ಲಿ ಹತ್ತು ದಿನ ರಜೆ ಸಿಗುತ್ತದೆ. ಏಜೆಂಟ್ ಐದು ದೇಶಗಳ ಪ್ಯಾಕೇಜ್ ಹೇಳುತ್ತಿದ್ದಾರೆ, ಅದರಲ್ಲಿ ಆಸ್ಟ್ರಿಯಾಕ್ಕೆ ಒಂದೂವರೆ ದಿನ. ಸಾಕಾಗುತ್ತದಾ? (ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಸಾಕಾಗುವುದಿಲ್ಲ. ಒಂದೂವರೆ ದಿನದಲ್ಲಿ ಕಾಣುವುದು ಬಸ್ಸಿನ ಕಿಟಕಿ, ಅರಮನೆಯ ಗೇಟು, ಒಂದು ಗ್ರೂಪ್ ಫೋಟೊ, ಅಷ್ಟೇ. ಮಕ್ಕಳಿಗಂತೂ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಸೂಟ್‌ಕೇಸ್ ಕಟ್ಟುವುದೇ ಪ್ರವಾಸ ಆಗಿಬಿಡುತ್ತದೆ.

ಹತ್ತು ದಿನ ಇದ್ದರೆ ಹೀಗೆ ಮಾಡಿ. ವಿಯೆನ್ನಾದಲ್ಲಿ ನಾಲ್ಕು ರಾತ್ರಿ, ಸಾಲ್ಜ್‌ಬರ್ಗ್‌ನಲ್ಲಿ ಎರಡು, ಇನ್ಸ್‌ಬ್ರುಕ್‌ನಲ್ಲಿ ಮೂರು. ಮೂರೂ ಒಂದೇ ರೈಲು ಮಾರ್ಗದಲ್ಲಿವೆ. ವಿಯೆನ್ನಾದಿಂದ ಸಾಲ್ಜ್‌ಬರ್ಗ್‌ಗೆ ಎರಡೂವರೆ ಗಂಟೆ, ಅಲ್ಲಿಂದ ಇನ್ಸ್‌ಬ್ರುಕ್‌ಗೆ ಎರಡು ಗಂಟೆಗೂ ಸ್ವಲ್ಪ ಕಡಿಮೆ. ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಅವತ್ತೇ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಆಸ್ಟ್ರಿಯಾ ರೈಲ್ವೆಯವರು ರಿಯಾಯಿತಿ ಟಿಕೆಟುಗಳನ್ನು ತಿಂಗಳುಗಳ ಮೊದಲೇ ಬಿಡುತ್ತಾರೆ, ಬೇಗ ಖಾಲಿಯೂ ಆಗುತ್ತವೆ.

ಮಕ್ಕಳಿಗೆ ಹಿಮ ನೋಡುವ ಆಸೆ ತಡೆಯಲಾಗದಿದ್ದರೆ ವಿಯೆನ್ನಾದಿಂದಲೇ ಒಂದು ದಿನ ಸೆಮ್ಮರಿಂಗ್ ಎಂಬ ಬೆಟ್ಟದ ಊರಿಗೆ ಹೋಗಿಬನ್ನಿ. ಒಂದೂವರೆ ಗಂಟೆಯೊಳಗಿನ ಪ್ರಯಾಣ. ಹಿಮ ಚೆನ್ನಾಗಿ ಬಿದ್ದಿದ್ದರೆ ಅಲ್ಲಿ ಸ್ಲೆಡ್ ಮೇಲೆ ಕೂತು ಜಾರಬಹುದು. ಅಲ್ಲಿಗೆ ಹೋಗುವ ರೈಲು ಮಾರ್ಗವೇ ನೋಡುವಂಥದ್ದು. 1848ರಿಂದ 1854ರವರೆಗೆ ಕಟ್ಟಿದ್ದು, 41 ಕಿಲೋಮೀಟರ್‌ನಲ್ಲಿ 14 ಸುರಂಗ, 16 ಮೇಲ್ಸೇತುವೆ. ಯುನೆಸ್ಕೊ ಪಟ್ಟಿಯಲ್ಲಿ ಇದೆ. ಸಕಲೇಶಪುರದ ಘಾಟಿ ರೈಲಿನಲ್ಲಿ ಕಿಟಕಿಗೆ ಮುಖ ಅಂಟಿಸಿಕೊಂಡು ಕೂರುವ ಮಕ್ಕಳಾದರೆ ಇಲ್ಲಿಯೂ ಹಾಗೇ ಕೂರುತ್ತಾರೆ.

ಡಿಸೆಂಬರ್ ಬಗ್ಗೆ ಒಂದು ಎಚ್ಚರಿಕೆ. 24ರ ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಮುಚ್ಚುತ್ತವೆ. 25, 26 ಎರಡೂ ರಜೆ. ತುಂಬಾ ಹೋಟೆಲುಗಳಲ್ಲಿ ಊಟವೂ ಸಿಗುವುದಿಲ್ಲ. ಭಾನುವಾರವಂತೂ ವರ್ಷವಿಡೀ ಅಂಗಡಿ ಬಂದ್, ದೊಡ್ಡ ರೈಲು ನಿಲ್ದಾಣದೊಳಗಿನ ಸೂಪರ್ ಮಾರ್ಕೆಟ್ಟುಗಳು ಮಾತ್ರ ತೆರೆದಿರುತ್ತವೆ. ಹಾಲು, ಬ್ರೆಡ್ಡು, ಹಣ್ಣು ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಕ್ರಿಸ್‌ಮಸ್‌ನಿಂದ ಜನವರಿ 6ರವರೆಗೆ ಬೆಟ್ಟದ ಊರುಗಳಲ್ಲಿ ರೂಮಿನ ಬೆಲೆ ಆಕಾಶಕ್ಕೆ ಏರಿರುತ್ತದೆ. 6ನೇ ತಾರೀಕು ಅವರಿಗೆ ಹಬ್ಬ. ಅದು ಮುಗಿದ ಕೂಡಲೇ ಬೆಲೆ ಇಳಿಯುತ್ತದೆ, ಹಿಮ ಮಾತ್ರ ಹಾಗೇ ಇರುತ್ತದೆ. ಫೆಬ್ರವರಿಯಲ್ಲಿ ಅಲ್ಲಿನ ಶಾಲೆಗಳಿಗೆ ರಜೆ ಬಂದಾಗ ಮತ್ತೆ ಏರುತ್ತದೆ. ಶಾಲೆಯವರು ಒಪ್ಪಿದರೆ ಜನವರಿ ಎರಡನೇ ವಾರಕ್ಕೆ ಮುಂದೂಡಿ, ಉಳಿದ ದುಡ್ಡಿನಲ್ಲಿ ಮಕ್ಕಳನ್ನು ಹಿಮದ ಮೇಲೆ ಜಾರುವುದನ್ನು ಕಲಿಸುವ ಸ್ಕೀ ಕ್ಲಾಸಿಗೆ ಸೇರಿಸಬಹುದು.

ಇನ್ನೊಂದು ಖುಷಿಯ ವಿಷಯ. ಅಲ್ಲಿನ ಸರ್ಕಾರಿ ಮ್ಯೂಸಿಯಂಗಳಲ್ಲಿ 19 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಕ್ಲಿಮ್ಟ್‌ನ ಚಿತ್ರಗಳಿರುವ ಬೆಲ್ವೆಡೆರ್, ಡೈನೊಸಾರ್ ಅಸ್ಥಿಪಂಜರಗಳಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ತಾಂತ್ರಿಕ ಮ್ಯೂಸಿಯಂ ಎಲ್ಲವೂ ಮಕ್ಕಳಿಗೆ ಪುಕ್ಕಟೆ. ಷೋನ್‌ಬ್ರುನ್ ಅರಮನೆಗೆ ಮಾತ್ರ ಮಕ್ಕಳಿಗೂ ಟಿಕೆಟ್ ಉಂಟು.

ಪ್ರಶ್ನೆ: ವಯಸ್ಸು 46. ಹಿಮವನ್ನೇ ನೋಡಿಲ್ಲ. ಸ್ಕೀಯಿಂಗ್ ಕಲಿಯಬೇಕೆಂದು ಬಹಳ ದಿನದ ಆಸೆ. ಈ ವಯಸ್ಸಲ್ಲಿ ಆಗುತ್ತದಾ, ಕೈಕಾಲು ಮುರಿದುಕೊಳ್ಳುತ್ತೇನಾ? (ಓದುಗರೊಬ್ಬರು, ಹುಬ್ಬಳ್ಳಿ)

ಖಂಡಿತ ಆಗುತ್ತದೆ. ಒಂದೇ ಒಂದು ಷರತ್ತು: ಸ್ನೇಹಿತರು ಹೇಳಿಕೊಡುತ್ತಾರೆ ಎಂದು ಹೋಗಬೇಡಿ, ಸ್ಕೀ ಶಾಲೆಗೆ ಸೇರಿ. ಬೆಟ್ಟದ ಊರುಗಳಲ್ಲೆಲ್ಲ ಒಂದಾದರೂ ಶಾಲೆ ಇರುತ್ತದೆ, ದೊಡ್ಡವರಿಗೇ ಬೇರೆ ಗುಂಪು ಇರುತ್ತದೆ. ಸ್ಕೀಯಿಂಗನ್ನು ಕ್ರಮವಾಗಿ ಕಲಿಸುವ ಪದ್ಧತಿ ಬೆಳೆದದ್ದೇ ಈ ದೇಶದಲ್ಲಿ. ಆರ್ಲ್‌ಬರ್ಗ್ ಬೆಟ್ಟಸೀಮೆಯ ಹಾನೆಸ್ ಶ್ನೈಡರ್ 1907ರಲ್ಲಿ ಸಾಂಕ್ಟ್ ಆಂಟನ್ ಎಂಬ ಊರಿನಲ್ಲಿ ಹೋಟೆಲಿನ ಅತಿಥಿಗಳಿಗೆ ಹೇಳಿಕೊಡಲು ಶುರುಮಾಡಿದರು. ಅವರು ರೂಪಿಸಿದ ಕ್ರಮ ಜಗತ್ತಿಗೆಲ್ಲ ಹರಡಿತು.

ಮೊದಲ ದಿನ ಹೇಗಿರುತ್ತದೆ ಹೇಳುತ್ತೇನೆ. ಬಾಡಿಗೆ ಅಂಗಡಿಯಲ್ಲಿ ನಿಮ್ಮ ಎತ್ತರ, ತೂಕ, ಪಾದದ ಅಳತೆ ಕೇಳುತ್ತಾರೆ. ಸುಳ್ಳು ಹೇಳಬೇಡಿ, ಅದರ ಮೇಲೇ ಬೂಟು ಸ್ಕೀಯಿಂದ ಬಿಡಿಸಿಕೊಳ್ಳುವ ಬಿಗಿ ನಿರ್ಧಾರ ಆಗುವುದು. ನೀವು ಬಿದ್ದಾಗ ಸ್ಕೀ ಕಳಚಿಕೊಂಡರೆ ಮಂಡಿ ಉಳಿಯುತ್ತದೆ. ಬೂಟು ಗಟ್ಟಿ ಪ್ಲಾಸ್ಟಿಕ್‌ನದು, ಕಾಲಿನ ಮೀನಖಂಡದವರೆಗೆ ಬರುತ್ತದೆ. ಒಳಗೆ ಒಂದೇ ಜೊತೆ ತೆಳು ಉದ್ದ ಕಾಲುಚೀಲ ಹಾಕಬೇಕು. ಚಳಿ ಅಂತ ಎರಡು ಜೊತೆ ಹಾಕಿಕೊಂಡರೆ ರಕ್ತ ಸರಿಯಾಗಿ ಓಡದೆ ಕಾಲು ಇನ್ನೂ ಜಾಸ್ತಿ ತಣ್ಣಗಾಗುತ್ತದೆ. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಿದ ಹಾಗಿರಬೇಕು, ಮಂಡಿ ಮುಂದಕ್ಕೆ ಬಾಗಿಸಿದಾಗ ಬೆರಳು ಹಿಂದೆ ಸರಿದು ಸಡಿಲಾಗಬೇಕು. ಹಾಗಾದರೆ ಅಳತೆ ಸರಿ. ನಡೆಯುವಾಗ ಹಿಮ್ಮಡಿ ಮೊದಲು ಊರಿ ನಡೆಯಿರಿ.

ಆಮೇಲೆ ಬಹುತೇಕ ಸಮತಟ್ಟಾದ ಜಾಗದಲ್ಲಿ ಒಂದೇ ಕಾಲಿಗೆ ಸ್ಕೀ ಹಾಕಿಸಿ ಓಡಾಡಿಸುತ್ತಾರೆ. ನಂತರ ಎರಡೂ ಕಾಲಿಗೆ. ಮೇಲಕ್ಕೆ ಹೋಗಲು ವಿಮಾನ ನಿಲ್ದಾಣದಲ್ಲಿ ಇರುತ್ತದಲ್ಲ, ಅಂಥ ನಡೆಯುವ ಪಟ್ಟಿ ಇರುತ್ತದೆ, ಸುಮ್ನೆ ನಿಂತರೆ ಸಾಕು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟರೆ ನಿಲ್ಲುತ್ತೀರಿ. ಅದಕ್ಕೆ ಪಿಜ್ಜಾ ಅಂತಾರೆ. ಎರಡೂ ಸಮಾನಾಂತರ ಇಟ್ಟರೆ ಜಾರುತ್ತೀರಿ, ಅದಕ್ಕೆ ಪೊಮ್ಮೆಸ್, ಅಂದರೆ ಕರಿದ ಆಲೂಗಡ್ಡೆ ಸೀಳು. ಮಕ್ಕಳ ಗುಂಪಿನ ಕಡೆಯಿಂದ ಇಡೀ ದಿನ ಇದೇ ಎರಡು ಶಬ್ದ ಕೇಳಿಸುತ್ತಿರುತ್ತದೆ. ಬೀಳುವುದು ಖಂಡಿತ. ಬೀಳುತ್ತೀರಿ ಅನಿಸಿದಾಗ ಪಕ್ಕಕ್ಕೆ ಕುಸಿಯಿರಿ, ಹಿಂದಕ್ಕೆ ಕೂರಬೇಡಿ. ಮೂರನೇ ದಿನದ ಹೊತ್ತಿಗೆ ಬಹಳಷ್ಟು ಜನ ನೀಲಿ ದಾರಿಯಲ್ಲಿ ನಿಧಾನವಾಗಿ ಇಳಿಯುತ್ತಾರೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಮೊದಲ ಸಲದಲ್ಲಿ ಕೆಂಪಿನ ಆಸೆ ಬೇಡ.

ಜಾಗ ಆರಿಸುವಾಗ ಹೆಸರಿಗೆ ಮರುಳಾಗಬೇಡಿ. ಸಾಂಕ್ಟ್ ಆಂಟನ್ ನುರಿತವರಿಗೆ ಸ್ವರ್ಗ, ಹೊಸಬರಿಗೆ ಕಷ್ಟ. ಕಿಟ್ಸ್‌ಬ್ಯೂಲ್ ಚೆಂದದ ಊರು, ಆದರೆ ದುಬಾರಿ, ಅದರಲ್ಲೂ ಜನವರಿಯಲ್ಲಿ ಹಾನೆನ್‌ಕಾಮ್ ರೇಸು ನಡೆಯುವ ವಾರ ರೂಮು ಸಿಗುವುದೇ ಕಷ್ಟ. ನನ್ನ ಸಲಹೆ ಇನ್ಸ್‌ಬ್ರುಕ್‌ನಲ್ಲೇ ಉಳಿದು ಪಕ್ಕದ ಮುಟ್ಟರರ್‌ಆಲ್ಮ್‌ಗೋ ಪಾಚರ್‌ಕೋಫೆಲ್‌ಗೋ ದಿನಾ ಹೋಗಿಬರುವುದು. 1964 ಮತ್ತು 1976ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಇನ್ಸ್‌ಬ್ರುಕ್, 1976ರಲ್ಲಿ ಆಸ್ಟ್ರಿಯಾದ ಸ್ಕೀ ಆಟಗಾರ ಫ್ರಾಂಜ್ ಕ್ಲಾಮರ್ ಚಿನ್ನ ಗೆದ್ದದ್ದು ಈ ಪಾಚರ್‌ಕೋಫೆಲ್ ಬೆಟ್ಟದ ಮೇಲೇ. ಬೆಳಿಗ್ಗೆ ಕ್ಲಾಸು, ಸಂಜೆ ಹಳೇ ಪೇಟೆ. ಮೈಕೈ ನೋವಾದ ದಿನ ಬೆಟ್ಟಕ್ಕೆ ಹೋಗದಿದ್ದರೂ ನೋಡಲು ಊರಿದೆ. ಬರೀ ಸ್ಕೀ ರೆಸಾರ್ಟಿನಲ್ಲಿ ಉಳಿದರೆ ಆ ದಿನ ರೂಮಿನಲ್ಲಿ ಕೂರಬೇಕು.

ಖರ್ಚಿನ ಅಂದಾಜು ಹೇಳುವುದಾದರೆ ದೊಡ್ಡ ರೆಸಾರ್ಟುಗಳಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಒಂದು ದಿನದ ಪಾಸಿಗೇ 70 ಯೂರೊ ದಾಟುತ್ತದೆ. ಸಣ್ಣ ಬೆಟ್ಟಗಳಲ್ಲಿ ಕಡಿಮೆ. ಮೊದಲ ದಿನ ಕಲಿಯುವ ಜಾಗಕ್ಕೆ ಪೂರ್ತಿ ಪಾಸು ಬೇಕಾಗುವುದಿಲ್ಲ, ಶಾಲೆಯವರನ್ನು ಕೇಳಿಯೇ ಕೊಳ್ಳಿ. ಸ್ಕೀ, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತವೆ. ನೀರು ಇಳಿಯದ ಪ್ಯಾಂಟು, ಕೈಗವಸು ಇಲ್ಲಿಂದಲೇ ಒಯ್ಯಿರಿ. ಜೀನ್ಸ್ ಹಾಕಿಕೊಂಡು ಹಿಮಕ್ಕೆ ಇಳಿಯಬೇಡಿ, ಒದ್ದೆಯಾಗಿ ನಡುಗಿಬಿಡುತ್ತೀರಿ. ಸನ್‌ಸ್ಕ್ರೀನ್ ಮರೆಯಬೇಡಿ, ಹಿಮದ ಮೇಲಿನ ಬಿಸಿಲು ನಮ್ಮ ಬಣ್ಣದ ಚರ್ಮವನ್ನೂ ಸುಡುತ್ತದೆ.

ಪ್ರಶ್ನೆ: ವೀಸಾಗೆಂದು ಮಾಡಿಸಿದ ಇನ್ಶೂರೆನ್ಸ್ ಸ್ಕೀಯಿಂಗ್‌ಗೂ ಸಾಕಲ್ವಾ? (ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಹೆಚ್ಚಿನ ಪಾಲಿಸಿಗಳಲ್ಲಿ ಸಾಕಾಗುವುದಿಲ್ಲ. ವೀಸಾಕ್ಕೆ 30,000 ಯೂರೊ ವೈದ್ಯಕೀಯ ರಕ್ಷಣೆ ಇದ್ದರೆ ಆಯಿತು, ಆದರೆ ಚಳಿಗಾಲದ ಕ್ರೀಡೆಗಳನ್ನು ಹೊರಗಿಟ್ಟಿರುವ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಿದರೆ ಬಿಲ್ಲು ಸಾವಿರಾರು ಯೂರೊ. ಸ್ಕೀಯಿಂಗ್ ಮತ್ತು ಬೆಟ್ಟದಿಂದ ರಕ್ಷಣೆ, ಎರಡೂ ಇದೆ ಎಂದು ಬರಹದಲ್ಲಿ ನೋಡಿಕೊಂಡೇ ಹಣ ಕಟ್ಟಿ. ಬೆಟ್ಟದಲ್ಲಿ ಅವಘಡವಾದರೆ ಕರೆಯಬೇಕಾದ ನಂಬರ್ 140, ಊರಿನಲ್ಲಿ ಆಂಬುಲೆನ್ಸ್ 144, ಎಲ್ಲಿಂದಲಾದರೂ 112.

ಪ್ರಶ್ನೆ: ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆಯಂತೆ. ಮ್ಯೂನಿಕ್‌ನಲ್ಲಿ ಇಳಿದು ಆಸ್ಟ್ರಿಯಾಕ್ಕೆ ಹೋಗುವವರು ಯಾವ ದೇಶದ ವೀಸಾ ತೆಗೆದುಕೊಳ್ಳಬೇಕು? (ಓದುಗರು, ತುಮಕೂರು)

ಜಾಸ್ತಿ ರಾತ್ರಿ ಎಲ್ಲಿ ಉಳಿಯುತ್ತೀರೋ ಆ ದೇಶದ್ದು. ಏಳು ರಾತ್ರಿ ಆಸ್ಟ್ರಿಯಾ, ಎರಡು ರಾತ್ರಿ ಮ್ಯೂನಿಕ್ ಆದರೆ ಆಸ್ಟ್ರಿಯಾಕ್ಕೇ ಅರ್ಜಿ. ಎರಡೂ ಕಡೆ ಸಮ ಇದ್ದರೆ ಮೊದಲು ಕಾಲಿಡುವ ದೇಶ. ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಸಾಕಾಗುವ ಈ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರವಾಸಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಡಿಸೆಂಬರ್‌ಗೆ ಹೋಗುವವರು ನವೆಂಬರ್‌ವರೆಗೆ ಕಾಯಬೇಡಿ. ವೀಸಾ ಕೈಗೆ ಬರುವ ಮೊದಲು, ರದ್ದಾದರೆ ಹಣ ವಾಪಸ್ ಬಾರದಂಥ ಹೋಟೆಲ್ ಬುಕ್ ಮಾಡಬೇಡಿ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದುಕೊಳ್ಳುವ ಹೊಸ ಪದ್ಧತಿ ಶುರುವಾಗಿದೆ. ಸಾಲು ಉದ್ದ ಇರಬಹುದು, ಇಳಿದ ಕೂಡಲೇ ಹೊರಡುವ ರೈಲಿಗೆ ಟಿಕೆಟ್ ಮಾಡಿಸಬೇಡಿ.

ಮ್ಯೂನಿಕ್ ಮುಖ್ಯ ನಿಲ್ದಾಣದಿಂದ ಇನ್ಸ್‌ಬ್ರುಕ್ಕೂ ಸಾಲ್ಜ್‌ಬರ್ಗೂ ಸುಮಾರು ಎರಡೆರಡು ಗಂಟೆ ರೈಲು. ಬೆಟ್ಟವೇ ಮುಖ್ಯ ಅನ್ನುವವರಿಗೆ ವಿಯೆನ್ನಾದಲ್ಲಿ ಇಳಿಯುವುದಕ್ಕಿಂತ ಇದು ಹತ್ತಿರ.

ಪ್ರಶ್ನೆ: ಮಗಳು ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿಯುತ್ತಿದ್ದಾಳೆ. ವಿಯೆನ್ನಾದಲ್ಲಿ ಅವಳಿಗೆ ಒಳ್ಳೆಯ ಸಂಗೀತ ಕೇಳಿಸಬೇಕು. ಒಪೆರಾ ಟಿಕೆಟ್ ನಮ್ಮಂಥವರ ಕೈಗೆ ಎಟುಕುತ್ತದಾ? ನಮಗೆ ಆ ಸಂಗೀತ ಅರ್ಥವೂ ಆಗುವುದಿಲ್ಲ. (ಪ್ರೌಢಶಾಲಾ ಶಿಕ್ಷಕಿ, ಮೈಸೂರು)

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಎಟುಕುತ್ತದೆ ಮೇಡಂ, ಧೈರ್ಯವಾಗಿ ಹೋಗಿ.

ವಿಯೆನ್ನಾದ ಸ್ಟೇಟ್ ಒಪೆರಾ 1869ರಲ್ಲಿ ಶುರುವಾದ ಮನೆ. ಕೂತು ನೋಡುವ ಒಳ್ಳೆಯ ಸೀಟಿಗೆ ಇನ್ನೂರು ಯೂರೊ ಮೇಲೂ ಇದೆ. ಆದರೆ ಅಲ್ಲಿ ನಿಂತು ಕೇಳುವ ಜಾಗವೂ ಇದೆ, ಟಿಕೆಟ್ ಇಪ್ಪತ್ತು ಯೂರೊ ಒಳಗೆ. ಪ್ರದರ್ಶನದ ದಿನವೇ ಮಾರುತ್ತಾರೆ. ಕೆಳಗಿನ ನಿಲ್ಲುವ ಜಾಗ ಸಭಾಂಗಣದ ನಟ್ಟನಡುವೆ, ರಾಜರಿಗೆಂದು ಇದ್ದ ಬಾಕ್ಸಿನ ಕೆಳಗೇ ಇದೆ. ವೇದಿಕೆ ನೇರ ಎದುರಿಗೆ. ಕೋಟು, ಬ್ಯಾಗು ಹೊರಗೆ ಕೊಟ್ಟು ಒಳಗೆ ಹೋಗಿ. ಮುಂದಿರುವ ಸರಳಿಗೆ ಒಂದು ಸ್ಕಾರ್ಫ್ ಕಟ್ಟಿ ಜಾಗ ಹಿಡಿಯುವುದು ಅಲ್ಲಿನ ಹಳೆಯ ರೂಢಿ.  ಸರಳಿನ ಮೇಲೆ ಪುಟ್ಟ ಪರದೆ ಇರುತ್ತದೆ, ಹಾಡಿನ ಮಾತು ಇಂಗ್ಲಿಷ್‌ನಲ್ಲಿ ಓದಿಕೊಳ್ಳಬಹುದು. ಕಥೆಯನ್ನು ಹಿಂದಿನ ದಿನ ಓದಿಕೊಂಡು ಹೋದರೆ ಸಾಕು, ಉಳಿದದ್ದನ್ನು ಕಿವಿ ನೋಡಿಕೊಳ್ಳುತ್ತದೆ. ರಾಗ ಕೇಳಿ ಬೆಳೆದ ಕಿವಿಗೆ ಸ್ವರ ಒಂದರ ಮೇಲೊಂದು ಕೂರುವ ಈ ಕ್ರಮ ಹೊಸದು, ಹಾಗಾಗಿಯೇ ಮಗಳಿಗೆ ಅದು ತುಂಬಾ ಹಿಡಿಸಬಹುದು. ಮೂರು ಗಂಟೆ ನಿಲ್ಲಬೇಕು, ಮೆತ್ತನೆ ಶೂ ಹಾಕಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಒಪೆರಾ ಮುಚ್ಚಿರುತ್ತದೆ, ಆಗ ಹೋಗುವವರು ಸಾಲ್ಜ್‌ಬರ್ಗ್ ಉತ್ಸವ ನೋಡಲಿ, ಅದು ನಡೆಯುವುದು ಆ ತಿಂಗಳುಗಳಲ್ಲೇ.

ದುಡ್ಡೇ ಬೇಡದ ಒಂದು ದಾರಿಯೂ ಇದೆ. ಭಾನುವಾರ ಬೆಳಿಗ್ಗೆ 11ಕ್ಕೆ ಆಗಸ್ಟಿನ್ ಚರ್ಚ್‌ನಲ್ಲಿ ಪೂಜೆಯ ಜೊತೆ ಮೊಜಾರ್ಟ್, ಹೈಡನ್, ಷೂಬರ್ಟ್ ರಚನೆಗಳನ್ನು ಆರ್ಕೆಸ್ಟ್ರಾ ಇಟ್ಟುಕೊಂಡೇ ಹಾಡುತ್ತಾರೆ. ಅದು ಕಛೇರಿ ಅಲ್ಲ, ಪ್ರಾರ್ಥನೆ. ನಡುವೆ ಎದ್ದು ಓಡಾಡಬೇಡಿ, ಫೋಟೊ ಬೇಡ. ಇನ್ನೊಂದು, ಒಪೆರಾ ಮುಂದೆ, ಸ್ಟೀಫನ್ ಚರ್ಚಿನ ಹತ್ತಿರ, ಹಳೇ ಕಾಲದ ಉದ್ದ ಕೋಟು, ಬಿಳಿ ವಿಗ್ಗು ಹಾಕಿಕೊಂಡು ಟಿಕೆಟ್ ಮಾರುವವರು ಸಿಗುತ್ತಾರೆ. ಅದು ಪ್ರವಾಸಿಗರಿಗಾಗಿ ನಡೆಸುವ ಕಾರ್ಯಕ್ರಮ, ಒಪೆರಾ ಅಲ್ಲ. ಬೆಲೆಯೂ ಜಾಸ್ತಿ. ಆ ದುಡ್ಡಲ್ಲಿ ನೀವಿಬ್ಬರೂ ನಿಜವಾದ ಒಪೆರಾದಲ್ಲಿ ನಿಂತು ಕೇಳಬಹುದು.

ಬೀಥೊವನ್, ಷೂಬರ್ಟ್, ಬ್ರಾಮ್ಸ್ ಮೂವರ ಸಮಾಧಿಯೂ ನಗರದ ದೊಡ್ಡ ಸ್ಮಶಾನದಲ್ಲಿ ಅಕ್ಕಪಕ್ಕ ಇವೆ, 71ನೇ ನಂಬರ್ ಟ್ರಾಮ್ ಹಿಡಿದರೆ ಸೀದಾ ಅಲ್ಲಿಗೇ. ನೀವು ಮೈಸೂರಿನವರಾದ್ದರಿಂದ ಮಗಳಿಗೆ ಇನ್ನೊಂದು ವಿಷಯ ಹೇಳಿ. ವಿಯೆನ್ನಾ ಒಪೆರಾದ ನಿರ್ದೇಶಕರಲ್ಲಿ ಒಬ್ಬರಾಗಿದ್ದ, ಸಾಲ್ಜ್‌ಬರ್ಗ್ ಉತ್ಸವ ಹುಟ್ಟುಹಾಕಿದವರಲ್ಲೂ ಒಬ್ಬರಾದ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳ ಮೊದಲ ಕಛೇರಿ 1950ರಲ್ಲಿ ಲಂಡನ್‌ನಲ್ಲಿ ನಡೆಯಿತು. ಅದಕ್ಕೆ ಹಣದ ಬೆಂಬಲ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಸಾಲ್ಜ್‌ಬರ್ಗ್‌ನಲ್ಲಿ ಹುಟ್ಟಿದ ಆರ್ಕೆಸ್ಟ್ರಾ ನಿರ್ದೇಶಕ ಕರಾಯನ್ ಲಂಡನ್‌ನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಆ ಆರ್ಕೆಸ್ಟ್ರಾಕ್ಕೂ ಮಹಾರಾಜರ ನೆರವು ಇತ್ತು. ವೀಣೆಯ ಊರಿನಿಂದ ಹೋಗುವ ಹುಡುಗಿಗೆ ಇದು ಗೊತ್ತಿರಬೇಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಬೆಟ್ಟದ ಊರುಗಳಲ್ಲಿ ಏನು ತಿನ್ನುವುದು? ಮೊಟ್ಟೆ ತಿನ್ನುತ್ತೇವೆ. (ಗೃಹಿಣಿ, ಉಡುಪಿ)

ಮೊಟ್ಟೆ ತಿನ್ನುತ್ತೀರಿ ಅಂದಮೇಲೆ ಅರ್ಧ ಚಿಂತೆ ಕಳೆಯಿತು. ಚೀಸ್ ಮತ್ತು ಹುರಿದ ಈರುಳ್ಳಿ ಹಾಕಿದ ಕೇಸೆಸ್ಪೆಟ್ಸ್‌ಲೆ ಎಂಬ ನೂಡಲ್ಸ್ ಹೆಚ್ಚಿನ ಬೆಟ್ಟದ ಹೋಟೆಲುಗಳಲ್ಲಿ ಸಿಗುತ್ತದೆ, ಬಾಣಲೆ ಸಮೇತ ಬಿಸಿಬಿಸಿ ತಂದಿಡುತ್ತಾರೆ. ಕೈಸರ್‌ಶ್ಮಾರ್ನ್ ಅಂದರೆ ದಪ್ಪ ಸಿಹಿ ಪ್ಯಾನ್‌ಕೇಕನ್ನು ಚೂರು ಮಾಡಿ, ಸಕ್ಕರೆ ಉದುರಿಸಿ, ಪ್ಲಮ್ ಹಣ್ಣಿನ ಗೊಜ್ಜಿನ ಜೊತೆ ಕೊಡುವುದು, ಅದೊಂದೇ ಮಧ್ಯಾಹ್ನದ ಊಟಕ್ಕೆ ಸಾಕು.

ಹುಷಾರಾಗಿರಬೇಕಾದದ್ದು ಸೂಪಿನ ಬಗ್ಗೆ. ಮೇಲೆ ಬರೀ ದೋಸೆ ಎಳೆಗಳ ಹಾಗೆ ಪ್ಯಾನ್‌ಕೇಕ್ ಚೂರುಗಳು ತೇಲುತ್ತಿರುತ್ತವೆ, ನೋಡಿದರೆ ಸಸ್ಯಾಹಾರ ಅನಿಸುತ್ತದೆ. ಕೆಳಗಿನ ತಿಳಿ ಗೋಮಾಂಸ ಬೇಯಿಸಿದ ಸಾರು. ಕ್ನೋಡೆಲ್ ಎಂಬ ಉಂಡೆಗಳೂ ಹಾಗೆ, ಪಾಲಕ್ ಅಥವಾ ಚೀಸ್‌ನದು ಕೇಳಿ, ಸ್ಪೆಕ್ ಅಂದರೆ ಹಂದಿ ಮಾಂಸ. ಸಲಾಡ್ ಮೇಲೂ ಸ್ಪೆಕ್ ಉದುರಿಸುವುದುಂಟು. ವೆಗೆಟಾರಿಶ್ ಎಂಬ ಮಾತು ಎಲ್ಲರಿಗೂ ಅರ್ಥವಾಗುತ್ತದೆ, ಅದರ ಜೊತೆ ಮಾಂಸವೂ ಬೇಡ, ಮೀನೂ ಬೇಡ, ಮಾಂಸದ ಸಾರೂ ಬೇಡ ಎಂದು ಬಿಡಿಸಿ ಹೇಳಿ. ನೀರು ಕೊಳ್ಳಬೇಡಿ. ವಿಯೆನ್ನಾದ ನಲ್ಲಿಗೆ ಬರುವುದೇ ಆಲ್ಪ್ಸ್ ಬೆಟ್ಟದ ಊಟೆ ನೀರು, 1873ರಿಂದ ಹಾಗೇ ಬರುತ್ತಿದೆ. ಕಾಫಿ ಹೌಸಿನಲ್ಲಿ ಕಾಫಿ ಜೊತೆ ಒಂದು ಲೋಟ ನೀರು ತಟ್ಟೆಯಲ್ಲೇ ಬರುತ್ತದೆ. ಒಂದು ಕಾಫಿಗೆ ಎಷ್ಟು ಹೊತ್ತು ಕೂತರೂ ಏಳಿ ಅನ್ನುವುದಿಲ್ಲ.

ಪ್ರಶ್ನೆ: ಅಪ್ಪನಿಗೆ 72, ಬಿಪಿ ಇದೆ. ಅಮ್ಮನಿಗೆ ಮಂಡಿನೋವು. ಇಬ್ಬರಿಗೂ ಹಿಮದ ಬೆಟ್ಟ ತೋರಿಸಬೇಕು. (ಓದುಗರು, ಶಿವಮೊಗ್ಗ)

ಇನ್ಸ್‌ಬ್ರುಕ್‌ಗೇ ಕರೆದುಕೊಂಡು ಹೋಗಿ. ಊರಿನ ನಡುವಿನಿಂದಲೇ ನಾರ್ಡ್‌ಕೆಟ್ಟೆ ಬೆಟ್ಟಕ್ಕೆ ರೈಲು, ಆಮೇಲೆ ಕೇಬಲ್ ಕಾರ್. ಕೆಳಗಿನ ರೈಲಿನ ನಿಲ್ದಾಣಗಳು ಝಾಹಾ ಹದೀದ್ ಅವರ ವಿನ್ಯಾಸ, 2007ರಲ್ಲಿ ತೆರೆದದ್ದು. ಸೀಗ್ರೂಬೆ ಎಂಬ ನಿಲ್ದಾಣ 1,905 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿಯಷ್ಟು. ಇನ್ಸ್‌ಬ್ರುಕ್ ಊರು ಬರೀ 574 ಮೀಟರ್, ಅಂದರೆ ಬೆಂಗಳೂರಿಗಿಂತ ಕೆಳಗೆ. ಸೀಗ್ರೂಬೆಯಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂತು ಕಾಫಿ ಕುಡಿಯುತ್ತಾ ಸುತ್ತಲಿನ ಹಿಮ ನೋಡಬಹುದು, ಕೆಳಗೆ ಇಡೀ ಊರು, ಇನ್ ನದಿ. ಅಲ್ಲಿಂದ ಮೇಲಿನ ಹಾಫೆಲೆಕಾರ್‌ಗೆ ಅಪ್ಪನಿಗೆ ಆಯಾಸ ಇಲ್ಲದಿದ್ದರೆ ಮಾತ್ರ. 3,000 ಮೀಟರಿನ ಹಿಮನದಿಗಳಿಗೆ ಡಾಕ್ಟರನ್ನು ಕೇಳದೆ ಬೇಡ.

ಚಳಿ ತಡೆಯಲಾರರು ಅನಿಸಿದರೆ ಜೂನ್‌ಗೆ ಹೋಗಿ. ಗ್ರೋಸ್‌ಗ್ಲಾಕ್ನರ್ ರಸ್ತೆ ಮೇ ತಿಂಗಳಿಂದ ನವೆಂಬರ್ ಮೊದಲವರೆಗೆ ತೆರೆದಿರುತ್ತದೆ. 1935ರಲ್ಲಿ ತೆರೆದ 48 ಕಿಲೋಮೀಟರ್ ರಸ್ತೆ, 36 ಹಿಮ್ಮುರಿ ತಿರುವು. 3,798 ಮೀಟರಿನ ಆ ದೇಶದ ಅತಿ ಎತ್ತರದ ಶಿಖರ ವಾಹನದಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಕಾಣುತ್ತದೆ. ಜೂನ್ ಮೊದಲ ವಾರದಲ್ಲಿ ರಸ್ತೆ ಪಕ್ಕ ಇನ್ನೂ ಹಿಮದ ಗೋಡೆ ಇರುತ್ತದೆ, ಅಮ್ಮ ಕೈಯಲ್ಲಿ ಮುಟ್ಟಿ ನೋಡಬಹುದು.

ಪ್ರಶ್ನೆ: ಹಾಲ್‌ಸ್ಟಾಟ್‌ಗೆ ಹೋಗಲೇಬೇಕಾ? (ಕಾಲೇಜು ವಿದ್ಯಾರ್ಥಿನಿ, ಧಾರವಾಡ)

ಒಂದು ರಾತ್ರಿ ಉಳಿಯುವುದಾದರೆ ಹೋಗಿ. ಮಧ್ಯಾಹ್ನ ಎರಡು ಗಂಟೆ ನೋಡಿ ಓಡುವುದಾದರೆ ಬೇಡ. ಸರೋವರದ ದಡದಲ್ಲಿ ಎಂಟುನೂರು ಜನರೂ ಇಲ್ಲದ ಊರು, ಹಗಲಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ, ಕಿರಿದಾದ ಬೀದಿಯಲ್ಲಿ ಮುಂದಿನವರ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. ರೈಲಿನಲ್ಲಿ ಹೋದರೆ ನಿಲ್ದಾಣ ಸರೋವರದ ಆಚೆ ದಡದಲ್ಲಿದೆ, ದೋಣಿಯಲ್ಲಿ ದಾಟಬೇಕು. ಆ ದಾಟುವಿಕೆಯೇ ಚೆಂದ. ಮನೆಗಳ ಮುಂದೆ ನಿಂತು ಜೋರಾಗಿ ಮಾತಾಡಬೇಡಿ, ಡ್ರೋನ್ ಹಾರಿಸಬೇಡಿ, ಅಲ್ಲಿ ಜನ ಬಾಳುತ್ತಿದ್ದಾರೆ.

ಪ್ರಶ್ನೆ: ಹೋಟೆಲ್‌ನಲ್ಲಿ ಸೌನಾ ಇದೆ ಎಂದು ಬರೆದಿದ್ದಾರೆ. ಕುಟುಂಬ ಸಮೇತ ಹೋಗಬಹುದಾ? (ಓದುಗರು, ಮಂಗಳೂರು)

ಮೊದಲು ಕೇಳಿ ಹೋಗಿ. ಸೌನಾ ಅಂದರೆ ಕೂತು ಮೈ ಬೆವರಿಸುವ ಬಿಸಿ ಕೋಣೆ. ಆಸ್ಟ್ರಿಯಾದ ಸೌನಾಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೆ, ಬಟ್ಟೆ ಇಲ್ಲದೆ ಕೂರುವುದೇ ವಾಡಿಕೆ. ಅವರಿಗೆ ಅದು ಸಹಜ. ಈಜುಕೊಳದ ಭಾಗ ಬೇರೆ ಇರುತ್ತದೆ, ಅಲ್ಲಿ ಈಜುಡುಗೆ ಬೇಕೇಬೇಕು. ನಿಮಗೆ ಕೊಳ ಸಾಕು.

ಪ್ರಶ್ನೆ: ದಸರಾ ರಜೆಯಲ್ಲಿ ಹೋದರೆ ಹಿಮ ಸಿಗುತ್ತದಾ? (ಉಪನ್ಯಾಸಕರು, ಕಲಬುರಗಿ)

ಊರುಗಳಲ್ಲಿ ಸಿಗುವುದಿಲ್ಲ, ಎತ್ತರದ ಹಿಮನದಿಗಳ ಮೇಲೆ ಸಿಗುತ್ತದೆ. ಹಿಂಟರ್‌ಟುಕ್ಸ್‌ನಲ್ಲಿ ವರ್ಷವಿಡೀ ಸ್ಕೀಯಿಂಗ್ ನಡೆಯುತ್ತದೆ. ಇನ್ಸ್‌ಬ್ರುಕ್ ಹತ್ತಿರದ ಸ್ಟುಬಾಯ್ ಕೂಡ ಅಕ್ಟೋಬರ್ ಹೊತ್ತಿಗೆ ಸಾಮಾನ್ಯವಾಗಿ ತೆರೆಯುತ್ತದೆ. ಉಳಿದ ಬೆಟ್ಟದ ಊರುಗಳಲ್ಲಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲವರೆಗೆ ಹೋಟೆಲು, ಕೇಬಲ್ ಕಾರ್ ಎಷ್ಟೋ ಮುಚ್ಚಿರುತ್ತವೆ. ಹಾಗಾಗಿ ದಸರಾದಲ್ಲಿ ಹೋಗುವವರು ವಿಯೆನ್ನಾ, ಸಾಲ್ಜ್‌ಬರ್ಗ್‌ಗೆ ಜಾಸ್ತಿ ದಿನ ಇಡಿ. ಆಗ ಮರಗಳೆಲ್ಲ ಹಳದಿ ಕೆಂಪು, ಒಪೆರಾ ಶುರುವಾಗಿರುತ್ತದೆ, ನೂಕುನುಗ್ಗಲು ಕಡಿಮೆ. ಕೊನೆಯ ಎರಡು ದಿನ ಇನ್ಸ್‌ಬ್ರುಕ್‌ನಲ್ಲಿ ಉಳಿದು ಬಸ್ಸಿನಲ್ಲಿ ಸ್ಟುಬಾಯ್‌ಗೆ ಹೋಗಿಬನ್ನಿ. ಹೊರಡುವ ಮುನ್ನ ಬೆಳಿಗ್ಗೆ ಅಲ್ಲಿನ ವೆಬ್‌ಕ್ಯಾಮ್ ನೋಡಿ, ಮೋಡ ಮುಚ್ಚಿದ್ದರೆ ಟಿಕೆಟ್ ಕೊಳ್ಳದೆ ಮರುದಿನ ಹೋಗಿ.